ಕಾಯ್ದೆಯ ದಿನಲೆಕ್ಕ, ಕಾಫಿಯ ದಿನಲೆಕ್ಕ

ನಮ್ಮ ಶಾಲೆಯ ಹಾಜರಿ ಪುಸ್ತಕ ತೆರೆದರೆ ಆ ವರ್ಷ ಕಾಫಿ ಯಾವಾಗ ಹಣ್ಣಾಯಿತು ಅಂತ ಹೇಳಿಬಿಡಬಹುದು. ಡಿಸೆಂಬರ್ ಮುಗಿಯುತ್ತಿದ್ದಂತೆ ಕೆಲವು ಹೆಸರುಗಳ ಮುಂದೆ ಗೈರುಹಾಜರಿ ಗುರುತು ಸಾಲು ಹಿಡಿಯುತ್ತದೆ. ಅದೇ ಹೊತ್ತಿಗೆ ಪುಸ್ತಕದ ಕೊನೆಯಲ್ಲಿ ಹೊಸ ಹೆಸರುಗಳು ಸೇರುತ್ತವೆ. ಕುಯ್ಲಿಗೆ ಹುಣಸೂರು ಕಡೆಯಿಂದ, ಅಸ್ಸಾಂ ಕಡೆಯಿಂದ ಬಂದವರ ಮಕ್ಕಳು. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟ ಬೆಳ್ಳಗಾಗುವಾಗ ಅವರೂ ಇರುವುದಿಲ್ಲ.

ನಾನು ದಕ್ಷಿಣ ಕೊಡಗಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಒಂದರಿಂದ ಏಳರವರೆಗೆ ತರಗತಿಗಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಲೈನ್ ಮನೆಯವರು, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳವರು. ಯರವರು, ಜೇನುಕುರುಬರು ಮುಂತಾದ ಬುಡಕಟ್ಟಿನವರು ಇದ್ದಾರೆ. ಮನೆಯಲ್ಲಿ ಮಲಯಾಳ, ತಮಿಳು, ಬಂಗಾಳಿ ಮಾತಾಡುವವರಿದ್ದಾರೆ. ಅರೆಭಾಷೆ ಮನೆಯ ನಾಲ್ಕಾರು ಮಕ್ಕಳೂ ಇದ್ದಾರೆ. ಐದನೇ ಕ್ಲಾಸು ಹಲವು ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಆ ಕ್ಲಾಸಿನಲ್ಲಿ 'ಕಲಿಕಾ ಮಟ್ಟ' ಅನ್ನುವ ಮಾತನ್ನು ನಾನು ಹೇಗೆ ನಿಭಾಯಿಸಿದೆ ಅನ್ನುವುದನ್ನು ಬರೆಯಬೇಕು ಅನಿಸಿತು. ಮೊದಲು ತಪ್ಪಾಗಿ ನಿಭಾಯಿಸಿದ್ದನ್ನೇ ಹೇಳುತ್ತೇನೆ.

2017ರ ಫೆಬ್ರವರಿಯಲ್ಲಿ ಕೇಂದ್ರದ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಿಗೆ ತಿದ್ದುಪಡಿ ಬಂತು. ಪ್ರತಿ ತರಗತಿಗೆ, ಪ್ರತಿ ವಿಷಯಕ್ಕೆ ಕಲಿಕಾ ಫಲಗಳನ್ನು ಸಿದ್ಧಪಡಿಸಬೇಕು ಅಂತ ಅದರಲ್ಲಿತ್ತು. ಐದು ಮುಗಿಸಿದ ಮಗುವಿಗೆ ಏನೇನು ಬರಬೇಕು ಅನ್ನುವ ಪಟ್ಟಿ ನಮ್ಮ ಕೈಗೂ ಬಂತು. ತರಬೇತಿ ಆಯಿತು. ಹಾಳೆ ತುಂಬಿ ಕೊಡಿ ಅಂದರು. ನಾನು ತುಂಬಿ ಕೊಟ್ಟೆ. ಒಂದು ಭಾನುವಾರ ಮನೆಯಲ್ಲಿ ಕುಳಿತು ಎಲ್ಲ ಮಕ್ಕಳ ಮುಂದೆಯೂ ಟಿಕ್ ಹಾಕಿದೆ. ಅನುಮಾನ ಬರಬಾರದು ಅಂತ ಅಲ್ಲಲ್ಲಿ ಒಂದೊಂದು ಖಾಲಿ ಬಿಟ್ಟೆ. ಮೇಲಿನಿಂದ ಬಂದವರೊಬ್ಬರು ನೋಡಿ 'ಅಚ್ಚುಕಟ್ಟಾಗಿದೆ' ಅಂತ ಸಹಿ ಹಾಕಿ ಹೋದರು.

ಅದೇ ವಾರ ಒಬ್ಬ ಹುಡುಗನಿಗೆ ಲೆಕ್ಕ ಕೊಟ್ಟೆ. ಅಪ್ಪ 73 ಕೆಜಿ ಹಣ್ಣು ಕುಯ್ದ, ಅಮ್ಮ 58. ಅಪ್ಪ ಎಷ್ಟು ಜಾಸ್ತಿ? ಬಾಯಲ್ಲಿ ಕೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ 15 ಅಂದ. ಸ್ಲೇಟಿನಲ್ಲಿ ಬರಿ ಅಂದೆ. 25 ಅಂತ ಬರೆದ. ಮೂರರಲ್ಲಿ ಎಂಟು ಹೋಗುವುದಿಲ್ಲವಲ್ಲ, ಹಾಗಾಗಿ ಎಂಟರಲ್ಲೇ ಮೂರು ಕಳೆದಿದ್ದ. 'ಯಾವುದೋ ಸರಿ?' ಅಂತ ಕೇಳಿದೆ. 'ಬಾಯಲ್ಲಿ ಹೇಳಿದ್ದು ತೋಟದ್ದು ಮಿಸ್, ಇದು ಶಾಲೆದು' ಅಂದ.

ಆ ಹುಡುಗನ ಹೆಸರಿನ ಮುಂದೆ ಕಳೆಯುವ ಲೆಕ್ಕಕ್ಕೆ ನನ್ನದೇ ಕೈಯ ಟಿಕ್ ಇತ್ತು.

ಆಮೇಲೆ ನಾನು ಮಾಡಿದ ಮೊದಲ ಕೆಲಸ ಕಾಯ್ದೆಯನ್ನೇ ಓದಿದ್ದು. ಟೀಚರುಗಳು ಕಾಯ್ದೆ ಓದುವುದು ಕಡಿಮೆ. ಸುತ್ತೋಲೆ ಓದುತ್ತೇವೆ, ಅದೂ ವಾಟ್ಸಾಪಿನಲ್ಲಿ. ನಮ್ಮ ರಾಜ್ಯಕ್ಕೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಇದೆ, ಜಾರಿಗೆ ಬಂದಿದ್ದು 1995ರಲ್ಲಿ. ಪಠ್ಯಕ್ರಮ ನಿಗದಿ ಮಾಡುವ ಅಧಿಕಾರವನ್ನು ಅದರ 7ನೇ ಸೆಕ್ಷನ್ ಸರಕಾರಕ್ಕೆ ಕೊಡುತ್ತದೆ. ಮೇಲೆ 2009ರ ಆರ್‌ಟಿಇ ಇದೆ, ಅದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 29ನೇ ಸೆಕ್ಷನ್ ಪ್ರಕಾರ ಪಠ್ಯಕ್ರಮವನ್ನೂ ಮೌಲ್ಯಮಾಪನದ ಕ್ರಮವನ್ನೂ ರೂಪಿಸಲು ಒಂದು ಶೈಕ್ಷಣಿಕ ಪ್ರಾಧಿಕಾರ ಇರಬೇಕು. ನಮ್ಮಲ್ಲಿ ಆ ಕೆಲಸ ಡಿಎಸ್‌ಇಆರ್‌ಟಿಯದು, ಅಂದರೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯದು.

ನನ್ನನ್ನು ಹಿಡಿದು ನಿಲ್ಲಿಸಿದ್ದು 24ನೇ ಸೆಕ್ಷನ್. ಅದು ಪೂರ್ತಿ ಟೀಚರ ಬಗ್ಗೆಯೇ ಇದೆ. ಸಮಯಕ್ಕೆ ಬರಬೇಕು, ಪಾಠ ಮುಗಿಸಬೇಕು, ಅದೆಲ್ಲ ಗೊತ್ತಿದ್ದದ್ದೇ. ಆದರೆ ಅಲ್ಲಿ ಇನ್ನೊಂದು ಮಾತಿದೆ. ಪ್ರತಿ ಮಗುವಿನ ಕಲಿಕೆಯ ಶಕ್ತಿ ಅಳೆದು, ಬೇಕಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚಿನ ಪಾಠ ಹೇಳಬೇಕು. ಪ್ರತಿ ಮಗು! ನಾನು ಭಾನುವಾರ ಟಿಕ್ ಹಾಕಿದ್ದು ಪ್ರತಿ ಹೆಸರಿಗೆ. ಮಗು ಅಲ್ಲಿ ಇರಲೇ ಇಲ್ಲ.

ಎರಡನೆಯದು ಕಾಯ್ದೆಯ ಅನುಸೂಚಿ. ಒಂದರಿಂದ ಐದಕ್ಕೆ ವರ್ಷಕ್ಕೆ 200 ದಿನ, 800 ಗಂಟೆ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಕೊಡಗಿನಲ್ಲಿ ಈ ದಿನಗಳನ್ನು ಹೊಂದಿಸುವ ಕಷ್ಟ ಎಲ್ಲರಿಗೂ ಗೊತ್ತು. ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಹೊಳೆ ಮನೆಗಳಿಗೇ ನುಗ್ಗಿತ್ತು, ಆಗ ಪಾಠದ ಮಾತು ಯಾರು ಎತ್ತುತ್ತಾರೆ? ತೋಟದಲ್ಲಿ ಆನೆ ಬಂದಿದೆ ಅಂತ ಫೋನ್ ಬಂದರೆ ಸಂಜೆ ಬೇಗ ಬಿಡಬೇಕು. ಮಳೆಗೆ ಹೋದ ದಿನಗಳನ್ನು ಶನಿವಾರ ಪೂರ್ತಿ ದಿನ ನಡೆಸಿ ತುಂಬಿಸುತ್ತೇವೆ. ಹೀಗಾಗಿ ಶಾಲೆಯ ಲೆಕ್ಕದಲ್ಲಿ 200 ದಿನ ಹೇಗೋ ಆಗುತ್ತದೆ.

ಆದರೆ ಅದು ಶಾಲೆಯ ಬಾಗಿಲು ತೆರೆದ ದಿನಗಳ ಲೆಕ್ಕ. ನಾನು ಪ್ರತಿ ಮಗುವಿನ ಗಂಟೆ ಎಣಿಸತೊಡಗಿದೆ. 800ನ್ನು 200ರಿಂದ ಭಾಗಿಸಿದರೆ ದಿನಕ್ಕೆ ನಾಲ್ಕು ಗಂಟೆ. ಕುಯ್ಲಿನಲ್ಲಿ 45 ದಿನ ತಪ್ಪಿಸಿದ ಹುಡುಗಿಗೆ 180 ಗಂಟೆ ಕಡಿಮೆ. ಡಿಸೆಂಬರ್‌ನಲ್ಲಿ ಬಂದು ಮಾರ್ಚ್‌ನಲ್ಲಿ ಹೊರಡುವ ಮಗು 60 ದಿನ ಬಂದರೆ ನನಗೆ ಸಿಗುವುದು 240 ಗಂಟೆ, ಎಲ್ಲ ವಿಷಯ ಸೇರಿಸಿ. ಲೆಕ್ಕ ಕಣ್ಣೆದುರು ಬಂದ ಮೇಲೆ ಪ್ರಶ್ನೆಯೂ ಸುಲಭವಾಯಿತು. ಈ 240 ಗಂಟೆಯಲ್ಲಿ ಯಾವುದನ್ನು ಕೊಡಲಿ?

ಪಟ್ಟಿಯನ್ನು ಒಡೆದೆ. ಕನ್ನಡದಲ್ಲಿ 12, ಗಣಿತದಲ್ಲಿ 14 ಅಂಶ ಇಟ್ಟುಕೊಂಡೆ. ಐದರ ಪಟ್ಟಿಯಿಂದ ಮಾತ್ರ ತೆಗೆಯಲಿಲ್ಲ. ಮೂರು, ನಾಲ್ಕರ ಪಟ್ಟಿಯಿಂದಲೂ ತೆಗೆದೆ, ಯಾಕೆಂದರೆ ಮಕ್ಕಳು ನಿಂತಿರುವುದು ಅಲ್ಲೇ. ಆರ್‌ಟಿಇಯ 4ನೇ ಸೆಕ್ಷನ್ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು ಅನ್ನುತ್ತದೆ. ಹಾಗೆ ಸೇರಿಸಿದ ಮಗುವಿಗೆ ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕಿದೆ ಅಂತಲೂ ಹೇಳುತ್ತದೆ. ಮೊದಲನೆಯದನ್ನು ನಾವೆಲ್ಲ ಚಾಚೂ ತಪ್ಪದೆ ಮಾಡುತ್ತೇವೆ. ಎರಡನೆಯದು ಟೀಚರ ತಲೆಯ ಮೇಲೆ ಬೀಳುತ್ತದೆ.

ಗುರುತು ಹಾಕುವ ರೀತಿಯನ್ನೂ ಬದಲಿಸಿದೆ. ಸೊನ್ನೆ ಅಂದರೆ ಇನ್ನೂ ಇಲ್ಲ. ಅಡ್ಡಗೆರೆ ಅಂದರೆ ನಾನು ಪಕ್ಕದಲ್ಲಿದ್ದರೆ ಮಾಡುತ್ತದೆ. ಟಿಕ್ ಬೇಕಾದರೆ ಮಗು ಸಹಾಯವಿಲ್ಲದೆ ಎರಡು ಸಲ ಮಾಡಿ ತೋರಿಸಬೇಕು, ಎರಡರ ನಡುವೆ ಒಂದು ವಾರವಾದರೂ ಇರಬೇಕು. ಈ ಒಂದು ವಾರದ ನಿಯಮ ನನ್ನ ಟಿಕ್‌ಗಳನ್ನು ಅರ್ಧಕ್ಕೆ ಇಳಿಸಿತು. ಹಾಳೆ ನೋಡಲು ಚೆನ್ನಾಗಿರಲಿಲ್ಲ. ನಮ್ಮ ಹೆಡ್‌ಮಿಸ್ 'ಇದನ್ನು ಮೇಲೆ ಕಳಿಸೋದು ಬೇಡ ಕಣಮ್ಮ' ಅಂದರು. ಮೇಲೆ ಕಳಿಸುವ ಹಾಳೆ ಬೇರೆ, ನನ್ನ ಹಾಳೆ ಬೇರೆ ಅಂತ ಮೊದಲ ವರ್ಷ ಹಾಗೇ ನಡೆಯಿತು, ಒಪ್ಪಿಕೊಳ್ಳುತ್ತೇನೆ. ಮರುವರ್ಷದಿಂದ ಒಂದೇ ಹಾಳೆ.

ಭಾಷೆಯ ವಿಷಯ ಇನ್ನೂ ತೊಡಕಿನದು. ಒಬ್ಬ ಯರವ ಹುಡುಗಿ ಕನ್ನಡ ಓದಿನಲ್ಲಿ ಸೊನ್ನೆ ದಾಟಲಿಲ್ಲ. ಅಕ್ಷರ ಕೂಡಿಸುತ್ತಾಳೆ, ಅರ್ಥ ಕೇಳಿದರೆ ತಲೆ ತಗ್ಗಿಸುತ್ತಾಳೆ. ನಮ್ಮ ಬಿಸಿಯೂಟದ ಅಡುಗೆ ಅಕ್ಕನೂ ಯರವರೇ. ಒಂದು ದಿನ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವರನ್ನು ಕ್ಲಾಸಿಗೆ ಕರೆದೆ. ಪಾಠ ನಾನು ಓದಿದೆ, ಪ್ರಶ್ನೆಯನ್ನು ಅಕ್ಕ ಅವರ ಮಾತಿನಲ್ಲಿ ಕೇಳಿದರು. ಹುಡುಗಿ ಉತ್ತರ ಹೇಳಿದ್ದೇ ಹೇಳಿದ್ದು! ಅಕ್ಕನೇ ನಕ್ಕು 'ಸಾಕು ಮೇಡಂ, ಇವಳು ಕತೆಯನ್ನೇ ಬೆಳೆಸ್ತಿದ್ದಾಳೆ' ಅಂದರು. ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲೇ ಬೋಧನೆ ಇರಲಿ ಅಂತ 29ನೇ ಸೆಕ್ಷನ್ನಿನಲ್ಲೇ ಇದೆ. ನಮ್ಮ ಶಾಲೆಯಲ್ಲಿ ಆ ಸಾಧ್ಯತೆ ಅಡುಗೆಮನೆಯಲ್ಲಿತ್ತು. ವಾರಕ್ಕೆ ಎರಡು ದಿನ ಅಕ್ಕ ಅರ್ಧ ಗಂಟೆ ಬರತೊಡಗಿದರು. ಅದಕ್ಕೆ ಅವರಿಗೆ ಒಂದು ರೂಪಾಯಿಯೂ ಕೊಡಲಾಗಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ.

ಇನ್ನು ಪರೀಕ್ಷೆ. ಆರ್‌ಟಿಇಯ 30ನೇ ಸೆಕ್ಷನ್ ಪ್ರಕಾರ ಎಂಟು ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ. 2019ರಲ್ಲಿ 16ನೇ ಸೆಕ್ಷನ್ ಬದಲಾಯಿತು. ಐದು ಮತ್ತು ಎಂಟರಲ್ಲಿ ಪರೀಕ್ಷೆ ಬಂತು. ಫೇಲಾದ ಮಗುವನ್ನು ಮರುಪರೀಕ್ಷೆಯ ನಂತರ ಅದೇ ತರಗತಿಯಲ್ಲಿ ಉಳಿಸಬೇಕೋ ಬೇಡವೋ ಅನ್ನುವುದನ್ನು ಸರಕಾರಗಳಿಗೆ ಬಿಟ್ಟರು. 2022ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಐದು, ಎಂಟಕ್ಕೆ ರಾಜ್ಯಮಟ್ಟದ ಮೌಲ್ಯಾಂಕನ ಅಂತ ಸುತ್ತೋಲೆ ಹೊರಟಿತು. ವಿಷಯ ಕೋರ್ಟಿಗೆ ಹೋಯಿತು. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. ಬರೀ ಸುತ್ತೋಲೆಯಿಂದ ಇಂಥದ್ದನ್ನು ತರುವಂತಿಲ್ಲ, ಶಿಕ್ಷಣ ಕಾಯ್ದೆಯ ಪ್ರಕಾರ ನಿಯಮ ಮಾಡಿ ತರಬೇಕು ಅನ್ನುವುದು ಮುಖ್ಯ ಕಾರಣ. ಐದೇ ದಿನಕ್ಕೆ ವಿಭಾಗೀಯ ಪೀಠ ನಡೆಸಬಹುದು ಅಂದಿತು. ಮಾರ್ಚ್ 27ಕ್ಕೆ ಶುರುವಾಯಿತು. ಯಾರನ್ನೂ ಅದೇ ತರಗತಿಯಲ್ಲಿ ಉಳಿಸುವಂತಿರಲಿಲ್ಲ.

ನಾನು ಹೊರಗಿನ ಪ್ರಶ್ನೆಪತ್ರಿಕೆಯ ವಿರೋಧಿಯಲ್ಲ. ನನ್ನ ಹಾಳೆ ಎಷ್ಟು ನಿಜ ಅಂತ ನೋಡಲು ಅದು ಒಳ್ಳೆಯದೇ. ನನ್ನ ತಕರಾರು ಮಾರ್ಚ್ ತಿಂಗಳ ಮೇಲೆ. ಆ ಹೊತ್ತಿಗೆ ರೊಬಸ್ಟಾ ಕುಯ್ಲು ಮುಗಿದಿರುತ್ತದೆ, ಕುಟುಂಬಗಳು ಗಂಟು ಕಟ್ಟುತ್ತಿರುತ್ತವೆ. ಮಗು ಎಲ್ಲಿ ಎಡವುತ್ತದೆ ಅಂತ ಮಾರ್ಚ್ ಕೊನೆಗೆ ಗೊತ್ತಾದರೆ ಟೀಚರು ಮಾಡುವುದೇನು? ಅದೇ ಪತ್ರಿಕೆ ನವೆಂಬರ್‌ನಲ್ಲಿ ಕೊಡಿ, ಕೈ ಮುಗಿದು ತೆಗೆದುಕೊಳ್ಳುತ್ತೇನೆ.

2024ರಲ್ಲಂತೂ ನಮಗೆ ತಲೆ ಸುತ್ತಿತು. ಮಾರ್ಚ್ 6ಕ್ಕೆ ಹೈಕೋರ್ಟಿನಲ್ಲಿ ಪರೀಕ್ಷೆ ರದ್ದು. 7ಕ್ಕೆ ಆ ರದ್ದಿಗೆ ತಡೆ. 11ಕ್ಕೆ ಪರೀಕ್ಷೆ ಶುರು. 12ಕ್ಕೆ ಸುಪ್ರೀಂ ಕೋರ್ಟಿನ ತಡೆ. 22ಕ್ಕೆ ಮತ್ತೆ ಹೈಕೋರ್ಟಿನ ಒಪ್ಪಿಗೆ, 25ರಿಂದ ಉಳಿದ ಪತ್ರಿಕೆ. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ಸುಪ್ರೀಂ ಕೋರ್ಟಿನ ತಡೆ. ಶುರುವಾದದ್ದು ನಿಂತು ಮತ್ತೆ ಶುರುವಾಗುವ ನಡುವಿನ ಆ ದಿನಗಳಲ್ಲಿ ನನ್ನ ಕ್ಲಾಸಿನ ಒಬ್ಬ ಹುಡುಗಿ ಹೊರಟುಹೋದಳು. ಹುಣಸೂರು ಕಡೆಯವಳು. ರಾತ್ರಿ ಜೀಪು ಬಂತಂತೆ, ಬೆಳಿಗ್ಗೆ ಲೈನ್ ಮನೆಗೆ ಬೀಗ.

ಹೀಗೆ ಹೋಗುವವರಿಗಾಗಿಯೇ ನಾನೊಂದು ಚೀಟಿ ಇಟ್ಟಿದ್ದೆ. ವರ್ಗಾವಣೆ ಪತ್ರ ಕೇಳಿದ ಕೂಡಲೇ ಕೊಡಬೇಕು, ಅದು ತಡವಾಯಿತು ಅಂತ ಇನ್ನೊಂದು ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ ಅಂತ 5ನೇ ಸೆಕ್ಷನ್ ಹೇಳುತ್ತದೆ. ಆದರೆ ಮುಂಗಡ ತೀರಿಸಿ ರಾತ್ರೋರಾತ್ರಿ ಹೊರಡುವವರು ಪತ್ರ ಕೇಳಲು ಎಲ್ಲಿ ಬರುತ್ತಾರೆ? ಹಾಗಾಗಿ ವಲಸೆ ಮಕ್ಕಳ ಬ್ಯಾಗಿನ ಒಳಜೇಬಿನಲ್ಲಿ ಮೊದಲ ದಿನದಿಂದಲೇ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಾಳೆ ಇಡುತ್ತೇನೆ. 26 ಅಂಶ, ಮೂರು ಬಗೆಯ ಗುರುತು, ಕೆಳಗೆ ಶಾಲೆಯ ಫೋನ್ ನಂಬರ್. ಪ್ರತಿ ಶನಿವಾರ ತೆಗೆದು ತಿದ್ದುತ್ತೇನೆ. ಅಸ್ಸಾಂ ಕಡೆಗೆ ಹೋಗುವವರಿಗೆ ನಮ್ಮ ಹಿಂದಿ ಸರ್ ಕೈಯಲ್ಲಿ ಬರೆಸುತ್ತೇನೆ. ಅಲ್ಲಿಂದ ಇವತ್ತಿನವರೆಗೆ ಒಂದೂ ಫೋನ್ ಬಂದಿಲ್ಲ. ಆದರೂ ಬರೆಸುತ್ತೇನೆ.

ಆ ಹುಡುಗಿ ಡಿಸೆಂಬರ್‌ನಲ್ಲಿ ವಾಪಸ್ ಬಂದಳು, ಆರನೇ ಕ್ಲಾಸಿಗೆ. ಬ್ಯಾಗು ಹೊಸದು, ಕವರು ಅದೇ. ಒಳಗಿನ ಹಾಳೆ ಮಡಿಕೆಯಲ್ಲಿ ಹರಿದು ಟೇಪು ಅಂಟಿಸಿಕೊಂಡಿತ್ತು. ನನ್ನ ನೀಲಿ ಗುರುತುಗಳ ಪಕ್ಕ ಹಸಿರು ಶಾಯಿಯಲ್ಲಿ ಬೇರೆ ಯಾರದೋ ಕೈಬರಹ. ನಾಲ್ಕು ಅಡ್ಡಗೆರೆಗಳು ಟಿಕ್ ಆಗಿದ್ದವು. ಕಳೆಯುವ ಲೆಕ್ಕದ ನನ್ನ ಟಿಕ್ ಮಾತ್ರ ಹೊಡೆದುಹಾಕಿ ಅಡ್ಡಗೆರೆ ಎಳೆದಿದ್ದರು. ಪಕ್ಕದಲ್ಲಿ ಸಣ್ಣಗೆ, 'ಮಧ್ಯೆ ಸೊನ್ನೆ ಬಂದರೆ ನಿಲ್ಲುತ್ತಾಳೆ.'

ಸ್ವಲ್ಪ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಎರಡು ಸಲ ನೋಡಿಯೇ ಹಾಕಿದ ಟಿಕ್ ಅಲ್ವಾ ಅದು! ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿ 402ರಲ್ಲಿ 157 ಕಳೆ ಅಂದೆ. ಬಿಡಿ ಸ್ಥಾನದಲ್ಲಿ ಎರಡಕ್ಕೆ ಸಾಲ ಬೇಕಾಯಿತು. ಪಕ್ಕದ ಸೊನ್ನೆ ನೋಡಿದಳು. ನನ್ನ ಮುಖ ನೋಡಿದಳು. ಪೆನ್ಸಿಲ್ ಅಲ್ಲೇ ನಿಂತಿತು.