ಕೊಟ್ಟಿಗೆಯಲ್ಲಿದ್ದ ಯೆಜ್ಡಿ, ಬಣ್ಣಕ್ಕೆ ಪೈಸೆ ಇಲ್ಲ

ಹಳೇ ಬೈಕ್ ರೆಡಿ ಮಾಡಿಸಲು ಹೊರಟವರಲ್ಲಿ ಜಾಸ್ತಿ ಜನ ಮೊದಲು ಹೋಗುವುದು ಪೇಂಟರ್ ಹತ್ತಿರ. ಟ್ಯಾಂಕಿಗೆ ಬಣ್ಣ, ಸೈಲೆನ್ಸರಿಗೆ ಕ್ರೋಮ್, ಸೀಟಿಗೆ ಹೊಸ ರೆಕ್ಸಿನ್. ಫೋಟೋ ಚೆಂದ ಬರುತ್ತದೆ. ಇಂಜಿನ್ ಕೆಲಸದ ಹೊತ್ತಿಗೆ ಜೇಬು ಖಾಲಿ. ನನ್ನ ಹತ್ತಿರ ಇದ್ದದ್ದು 30 ಸಾವಿರದ ಆಸುಪಾಸು. ಅದರಲ್ಲಿ ಬಣ್ಣಕ್ಕೆ ಒಂದು ಪೈಸೆಯೂ ಇಲ್ಲ ಅಂತ ಮೊದಲೇ ಗಟ್ಟಿ ಮಾಡಿಕೊಂಡೆ. ನನಗೆ ಬೇಕಿದ್ದದ್ದು ಹೊಲದ ದಾರಿಯಲ್ಲಿ, ಚಿಂಚೋಳಿ ಕಡೆಯ ಕೆಂಪು ಕಲ್ಲಿನ ದಾರಿಯಲ್ಲಿ ಓಡುವ ಗಾಡಿ. ನಿಲ್ಲಿಸಿ ನೋಡೋಕೆ ಅಲ್ಲ.

ಗಾಡಿ ನಮ್ಮ ಕಾಕಾನದು. ಸೇಡಂ ಹತ್ತಿರದ ನಮ್ಮೂರಿನ ದನದ ಕೊಟ್ಟಿಗೆಯಲ್ಲಿ, ತೊಗರಿ ಹೊಟ್ಟಿನ ಹಿಂದೆ ವರ್ಷಗಟ್ಟಲೆ ನಿಂತಿತ್ತು. 1992ರ ಯೆಜ್ಡಿ ರೋಡ್‌ಕಿಂಗ್, ಕೆಎ 32 ನಂಬರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1978ರಿಂದ 1996ರವರೆಗೆ ತಯಾರಿಸಿದ ಗಾಡಿ ಇದು. 250 ಸಿಸಿ ಟೂ ಸ್ಟ್ರೋಕ್. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಕಿಕ್ಕರ್ ಅನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುತ್ತದೆ. ಟ್ರೇಲ್ ಬೈಕ್ ಅಂತ ಇದನ್ನು ಯಾರೂ ಮಾರಲಿಲ್ಲ, ನಿಜ. ಆದರೆ ಆ ಕಾಲದಲ್ಲಿ ರ‍್ಯಾಲಿ, ಮಣ್ಣಿನ ರೇಸ್ ಅಂದರೆ ಯೆಜ್ಡಿ ಅಲ್ಲಿ ಇರುತ್ತಿತ್ತು. ಕಾಕಾ ಇದರ ಮೇಲೆ ತೊಗರಿ ಚೀಲ ಹೇರಿಕೊಂಡು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಬರುತ್ತಿದ್ದರು.

"ಒಯ್ತಿದ್ರ ಒಯ್ಯಿ ತಮ್ಮಾ, ಕಾಗದ ಎಲ್ಲಾ ಟ್ರಂಕಿನಾಗ ಅದಾವ" ಅಂದರು.

ಗಾಡಿ ಮುಟ್ಟುವ ಮೊದಲು ಆ ಟ್ರಂಕ್ ತೆಗೆಸಿದೆ. ಆರ್‌ಸಿ ಸಿಕ್ಕಿತು. ಚಾಸಿ ನಂಬರಿನ ಮೇಲಿದ್ದ ಮಣ್ಣು, ಗ್ರೀಸ್ ಒರೆಸಿ ಒಂದೊಂದೇ ಅಂಕಿ ತಾಳೆ ನೋಡಿದೆ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ವಿಂಟೇಜ್ ಅಂತ ಮಾಡಿಸಬಹುದಲ್ಲ ಅಂತ ಕೆಲವರು ಕೇಳಿದರು. 2021ರಲ್ಲಿ ಬಂದ ಆ ನಿಯಮ 50 ವರ್ಷ ದಾಟಿದ ಗಾಡಿಗೆ ಮಾತ್ರ. ಹಾಗೆ ನೋಂದಣಿ ಆದರೆ ದಿನಾ ಓಡಿಸುವ ಹಾಗೂ ಇಲ್ಲ. ನಮ್ಮಂಥವರಿಗೆ ಸಾದಾ ನವೀಕರಣವೇ ದಾರಿ. ಆರ್‌ಸಿ ಇಲ್ಲದ ಗಾಡಿಯನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ನಾನು ತರುತ್ತಿರಲಿಲ್ಲ.

ಇಂಜಿನ್ ಜಾಮ್ ಆಗಿತ್ತು. ಇಂಥ ಗಾಡಿಗೆ ಕಿಕ್ ಹೊಡೆಯಬಾರದು, ಕಿಕ್ಕರ್ ಒಳಗಿನ ಹಲ್ಲು ಮುರಿಯುತ್ತದೆ. ಪ್ಲಗ್ ಬಿಚ್ಚಿ ಡೀಸೆಲ್ ಮತ್ತು ತೆಳು ಆಯಿಲ್ ಕಲಸಿ ಸುರಿದು ಹಾಗೇ ಬಿಟ್ಟೆ. ಕೆಲವು ದಿನ ಬಿಟ್ಟು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿದೆ. ಸ್ವಲ್ಪ ಸ್ವಲ್ಪ ಸಡಿಲಾಗಿ ಬಿಟ್ಟುಕೊಂಡಿತು. ಹೆಡ್ ಬಿಚ್ಚಿದಾಗ ಬೋರಿನಲ್ಲಿ, ಅಂದರೆ ಪಿಸ್ಟನ್ ಆಡುವ ಕೊಳವೆಯಲ್ಲಿ, ತುಕ್ಕಿನ ಉಂಗುರ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆದರೆ ಟಕ್ ಟಕ್ ಅನ್ನುತ್ತಿತ್ತು. ರಾಡ್ ಅಕ್ಕಪಕ್ಕ ಸ್ವಲ್ಪ ಆಡಿದರೆ ಪರವಾಗಿಲ್ಲ, ಮೇಲೆ ಕೆಳಗೆ ಚೂರೂ ಆಡಬಾರದು.

ದುಡ್ಡು ಹೋದದ್ದು ಇಲ್ಲೇ. ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಶಾಫ್ಟ್, ಅದನ್ನು ಒತ್ತಿ ಕೂರಿಸಿ, ಡಯಲ್ ಗೇಜ್ ಹಿಡಿದು ನೇರ ಮಾಡುವುದು ಸುತ್ತಿಗೆ ಕೆಲಸ ಅಲ್ಲ. ಬೆಂಗಳೂರಿನಲ್ಲಿ ಜಾವಾ, ಯೆಜ್ಡಿ ಕೆಲಸವನ್ನೇ ಮಾಡುವ ಒಬ್ಬರಿಗೆ ಬಸ್ ಪಾರ್ಸೆಲ್ ಹಾಕಿದೆ. ಬೋರ್ ಕೆಲಸ ಮಾತ್ರ ಕಲಬುರಗಿಯ ಲೇತ್‌ನಲ್ಲೇ ಮಾಡಿಸಿದೆ. ಮೊದಲು ಪಿಸ್ಟನ್ ಕೊಂಡು ಕೈಯಲ್ಲಿ ಹಿಡಿದು ಹೋಗಬೇಕು, ಅದರ ಅಳತೆಗೇ ಬೋರ್ ಹಾಕಿಸಬೇಕು. ಒಂದೇ ಓವರ್‌ಸೈಜ್ (ಮೂಲಕ್ಕಿಂತ ದೊಡ್ಡ ಅಳತೆ) ಅಂತ ಬರೆದ ಎರಡು ಪಿಸ್ಟನ್ ಒಂದೇ ಅಳತೆ ಇರುತ್ತವೆ ಅನ್ನೋ ಗ್ಯಾರಂಟಿ ಇಲ್ಲ. ರಿಂಗನ್ನು ಬರೀ ಬೋರಿಗೆ ಇಳಿಸಿ ಬಾಯಿ ಎಷ್ಟು ಬಿಟ್ಟಿದೆ ಅಂತ ಫೀಲರ್ ಗೇಜಿನಲ್ಲಿ ನೋಡಿದೆವು. 65 ಮಿ.ಮೀ. ಬೋರಿಗೆ ಕಾಲು ಮಿಲಿಮೀಟರ್ ಹತ್ತಿರ ಇದ್ದರೆ ಸರಿ.

ಬಿಡಿಭಾಗ ಹುಡುಕುವವರಿಗೆ ಒಂದು ಮಾತು. ಅಂಗಡಿಯಲ್ಲಿ ಬರೀ ಯೆಜ್ಡಿ ಅನ್ನಬೇಡಿ. 2022ರಲ್ಲಿ ಬಂದ ಹೊಸ ಯೆಜ್ಡಿಗಳು 334 ಸಿಸಿ ಫೋರ್ ಸ್ಟ್ರೋಕ್, ಹೆಸರು ಬಿಟ್ಟರೆ ಇಂಜಿನ್ ನಂಟೇ ಇಲ್ಲ.

ಇನ್ನು ಆಯಿಲ್ ಸೀಲ್, ಅಂದರೆ ಕ್ರ್ಯಾಂಕ್ ಶಾಫ್ಟಿನ ಎರಡೂ ಕಡೆ ಗಾಳಿ, ಆಯಿಲ್ ತಡೆಯುವ ರಬ್ಬರ್ ಉಂಗುರ. ನನ್ನ ಪ್ರಕಾರ ನಿಂತುಹೋದ ಟೂ ಸ್ಟ್ರೋಕ್ ಗಾಡಿಯ ಜೀವ ಇರುವುದೇ ಇಲ್ಲಿ. ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್ ಕೇಸ್ (ಕ್ರ್ಯಾಂಕ್ ಕೂತಿರುವ ಪೆಟ್ಟಿಗೆ) ಗಾಳಿ, ಪೆಟ್ರೋಲ್ ಎಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲೆ ಕಳಿಸುತ್ತದೆ. ಒಣಗಿ ಬಿರಿದ ಸೀಲಿನಿಂದ ಬರೀ ಗಾಳಿ ಒಳಗೆ ನುಗ್ಗಿದರೆ ಪೆಟ್ರೋಲ್ ಸಾಲದೆ, ಅದರ ಜೊತೆ ಬರುವ ಆಯಿಲೂ ಸಾಲದೆ, ಹೊಸ ಪಿಸ್ಟನ್ ಬಿಸಿಗೆ ಹಿಡಿದುಕೊಂಡು ಸೀಜ್ ಆಗುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲನ್ನೇ ಕುಡಿದು ಹೊಗೆ ಉಗುಳುತ್ತದೆ. ನಮ್ಮ ಮೇ ತಿಂಗಳ ಬಿಸಿಲು ಗೊತ್ತೇ ಇದೆ. 40 ಡಿಗ್ರಿ ದಾಟಿದ ಊರಲ್ಲಿ ಇದನ್ನು ಅದೃಷ್ಟಕ್ಕೆ ಬಿಡಬಾರದು.

ಸೀಲ್ ಹಾಕಿದ ಮೇಲೆ ಪರೀಕ್ಷೆ ಮಾಡಲು ನಾನು ಬಳಸಿದ್ದು ಹಳೇ ಬಿಪಿ ಮಿಷನ್. ಅಕ್ಕ ನರ್ಸ್, ಅವಳ ಮನೆಯಲ್ಲಿ ಬಟ್ಟೆ ಹರಿದದ್ದೊಂದು ಬಿದ್ದಿತ್ತು. ಅದರ ಮುಳ್ಳು 300ಕ್ಕೆ ಬಂದರೆ ಅದು ಸುಮಾರು 6 ಪಿಎಸ್‌ಐ ಒತ್ತಡ. ಟೂ ಸ್ಟ್ರೋಕ್ ಕೇಸ್ ಪರೀಕ್ಷೆಗೆ ಬೇಕಾದದ್ದೂ ಅಷ್ಟೇ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರ ಬಾಯಿಗೆ ಮಿಷನ್ನಿನ ರಬ್ಬರ್ ಪೈಪ್ ಸಿಕ್ಕಿಸಿದೆ. ಕಾರ್ಬೊರೇಟರ್ ಕೂರುವ ಜಾಗ, ಎರಡೂ ಸೈಲೆನ್ಸರ್ ಬಾಯಿ ಟ್ಯೂಬ್ ತುಂಡಿನಿಂದ ಬಿಗಿ ಮುಚ್ಚಿದೆ. ಪಿಸ್ಟನ್ ಕೆಳಗೆ ನಿಲ್ಲಿಸಿ ಬಲ್ಬ್ ಒತ್ತಿದೆ. ಕ್ಲಚ್, ಮ್ಯಾಗ್ನೆಟ್ ಇನ್ನೂ ಹಾಕಿರಲಿಲ್ಲ, ಸೀಲ್ ಎರಡೂ ಕಣ್ಣಿಗೆ ಕಾಣುತ್ತಿದ್ದವು. ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಸೋಪಿನ ನೀರು ಹಚ್ಚಿ ನೋಡಿದರೆ ಎಡಗಡೆ ಸೀಲಿನ ತುಟಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಏಳುತ್ತಿದೆ. ಸೀಲ್ ಹೊಸದು, ಆದರೆ ಅದರ ತುಟಿ ಕೂರುವಲ್ಲಿ ಶಾಫ್ಟ್ ಸವೆದು ಗೆರೆ ಬಿದ್ದಿತ್ತು.

ಕೆಲಸಕ್ಕೆ ಜೊತೆಗಿದ್ದ ಮೆಕ್ಯಾನಿಕ್ ಉಸ್ತಾದ್ ಬೆರಳ ಉಗುರಿನಿಂದ ಆ ಗೆರೆ ಮುಟ್ಟಿ ನೋಡಿದರು. "ಒಂದು ಮಿಲಿಮೀಟರ್ ಹೊರಗ ಕೂಡಸೂಣ್ರಿ" ಅಂದರು, ಅಷ್ಟೇ. ಸೀಲಿನ ತುಟಿ ಸವೆಯದ ಜಾಗಕ್ಕೆ ಬಂತು. ಮುಳ್ಳು ಆಮೇಲೆ ಅಲುಗಲಿಲ್ಲ. ಶಾಫ್ಟ್ ಬದಲಿಸುವ ಖರ್ಚು ಉಳಿಯಿತು.

ಟ್ಯಾಂಕಿನ ತುಕ್ಕಿಗೆ ಕಿರಾಣಿ ಅಂಗಡಿಯ ಲಿಂಬಿ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್, ಸಾಕು. ಬಿಸಿನೀರಿಗೆ ಹಾಕಿ ರಾತ್ರಿ ಬಿಟ್ಟು, ಬೆಳಗ್ಗೆ ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಒಳಗೆ 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಕಲಸುವುದು) ಆಡಿಸಬೇಕು. ತಡ ಮಾಡಿದರೆ ಮತ್ತೆ ತುಕ್ಕು. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಶೇಕಡಾ 20ರಷ್ಟು ಕಲಸಿದ ಪೆಟ್ರೋಲ್. ಅದು ಹಳೇ ರಬ್ಬರನ್ನು ಉಬ್ಬಿಸುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಪೆಟ್ರೋಲ್ ಪೈಪ್, ಕಾಕ್‌ನ ವಾಷರ್ ಎಲ್ಲಾ ಹೊಸದು. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಕಾರ್ಬೊರೇಟರ್ ಖಾಲಿ ಮಾಡುತ್ತೇನೆ.

ವೈರಿಂಗ್ ಪೂರ್ತಿ ಹೊಸದು, ಅದರ ಬಗ್ಗೆ ಹೇಳಲು ಏನಿಲ್ಲ. ಬ್ರೇಕ್ ಶೂಗೆ ಹೊಸ ಲೈನರ್ ಹಾಕಿಸಿ ಡ್ರಮ್ ಲೇತಿಗೆ ಹಿಡಿಸಿದೆ. ಮುಂದಿನ ಶಾಕ್‌ಗೆ ಸೀಲ್, ಆಯಿಲ್. ಟೈರ್ ಅದೇ ಸೈಜಿನ ಬ್ಲಾಕ್ ಮಾದರಿಯದು. ಮಡ್‌ಗಾರ್ಡ್ ಎತ್ತರಿಸು, ಸೈಲೆನ್ಸರ್ ಮೇಲಕ್ಕೆ ತಿರುಗಿಸು, ಫ್ರೇಮ್ ಕೊಯ್ಯಿ ಅಂತ ಸಲಹೆ ಕೊಟ್ಟವರು ಕಡಿಮೆ ಇಲ್ಲ. ಒಂದನ್ನೂ ಮಾಡಲಿಲ್ಲ. ಕೆಂಪು ಕಲ್ಲಿನ ದಾರಿಗೆ ಈ ಗಾಡಿ ಹೀಗೇ ಸಾಕು. ಎರೆ ಮಣ್ಣಿಗೆ ಮಾತ್ರ ಯಾವ ಸಲಹೆಯೂ ನಡೆಯಲ್ಲ. ಮಳೆ ಬಿದ್ದ ಮೇಲೆ ಮಣ್ಣು ಮಡ್‌ಗಾರ್ಡ್ ಒಳಗೆ ತುಂಬಿ ಚಕ್ರವೇ ತಿರುಗುವುದಿಲ್ಲ. ಆಗ ಕಡ್ಡಿ ತಗೊಂಡು ಕೆರೆಯುತ್ತಾ ಕೂರಬೇಕು, ಇಲ್ಲ ಮನೆಯಲ್ಲೇ ಇರಬೇಕು.

ಹೊಸ ಬೋರ್ ಪಳಗುವವರೆಗೆ ಲೀಟರ್ ಪೆಟ್ರೋಲಿಗೆ 40 ಮಿಲಿ 2ಟಿ ಆಯಿಲ್ ಹಾಕಿದೆ. ಹೊಗೆ ಜಾಸ್ತಿ, ಹಿಂದೆ ಬರುವವರು ಬೈಯುತ್ತಾರೆ, ಬೈಯಲಿ. ಸೇಡಂ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದೆ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕಪ್ಪಗೆ ಒದ್ದೆ ಇದ್ದರೆ ಜಾಸ್ತಿ. ಕಂದು ಬರುವವರೆಗೆ ಥ್ರಾಟಲ್ ಪೂರ್ತಿ ಎಳೆಯಲಿಲ್ಲ. ಈಗ ಕಂದು ಬಂದಿದೆ. ಟ್ಯಾಂಕಿನ ಮೇಲೆ ಹಳೇ ಗೀಚು, ಸೊಟ್ಟ ಎಲ್ಲಾ ಹಾಗೇ ಇವೆ. ಮೊನ್ನೆ ಪೇಂಟರ್ ಒಬ್ಬರು ತಾವಾಗೇ ಬಂದು ರೇಟ್ ಹೇಳಿ ಹೋದರು. ಆ ದುಡ್ಡಿಗೆ ನಾನು ಹಿಂದಿನ ಶಾಕ್ ಜೋಡಿ ನೋಡುತ್ತಿದ್ದೇನೆ.