ಏನೂ ನಡೆಯುತ್ತಿಲ್ಲ ಅನ್ನಿಸುವ ದಿನಗಳಿಗೆ ಒಂದು ನೋಟ್‌ಬುಕ್

ಪ್ರಾರ್ಥಿಸಿ ಉತ್ತರಕ್ಕೆ ಕಾಯುತ್ತಿರುವವರಿಗೆ ಇದು. ಸತ್ಯವೇದದಲ್ಲಿರುವ (ಬೈಬಲ್) ಎಸ್ತೇರಳ ಪುಸ್ತಕದ ಹೀಬ್ರೂ ಮೂಲದಲ್ಲಿ ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ಎರಡನೆಯ ಅಧ್ಯಾಯದಲ್ಲಿ ಎಸ್ತೇರಳನ್ನು ಸಾಕಿದ ಯೆಹೂದ್ಯ ಮೊರ್ದೆಕೈ ಪರ್ಷಿಯದ ಅರಸನ ಪ್ರಾಣ ಉಳಿಸುತ್ತಾನೆ, ಅದನ್ನು ರಾಜವೃತ್ತಾಂತದಲ್ಲಿ ಬರೆದಿಡುತ್ತಾರೆ, ಆಮೇಲೆ ಎಲ್ಲರೂ ಮರೆಯುತ್ತಾರೆ. ಎಸ್ತೇರಳು ರಾಣಿಯಾದದ್ದು ಅರಸನ ಆಳ್ವಿಕೆಯ 7ನೆಯ ವರ್ಷ, ಯೆಹೂದ್ಯರನ್ನು ನಾಶಮಾಡುವ ದಿನ ಗೊತ್ತುಮಾಡಲು ಮಂತ್ರಿ ಹಾಮಾನ ಚೀಟು ಹಾಕಿಸಿದ್ದು 12ನೆಯ ವರ್ಷ. ಇತ್ತ ಮೊರ್ದೆಕೈಗೆಂದು ಹಾಮಾನನ ಗಲ್ಲುಮರ ಸಿದ್ಧವಾದ ರಾತ್ರಿಯೇ ಅತ್ತ ಅರಸನಿಗೆ ನಿದ್ದೆ ಹತ್ತದೆ ಆ ಹಳೆಯ ಪುಟ ಓದಿಸುತ್ತಾನೆ. ಬರೆದಿಟ್ಟಿದ್ದರಿಂದಲೇ ಅದು ಸಿಕ್ಕಿತು.

ಆದ್ದರಿಂದ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದೇವರ ಮುಂದಿಡುವ ಪ್ರತಿ ಬೇಡಿಕೆಗೂ ಒಂದು ಪುಟ. ಮೇಲೆ ತಾರೀಖು, ಕೆಳಗೆ ಬೇಡಿಕೆ ಒಂದೇ ವಾಕ್ಯದಲ್ಲಿ. ‘ಕಷ್ಟ ತೀರಿಸು’ ಎಂದು ಬರೆದರೆ ಮುಂದೆ ಉತ್ತರ ಬಂದರೂ ಗುರುತು ಹತ್ತುವುದಿಲ್ಲ. ಯಾರಿಗೆ, ಏನು ಬೇಕು ಎಂಬುದಿರಲಿ. ಪುಟದ ಕೆಳಗಿನ ಅರ್ಧ ಖಾಲಿ ಬಿಡಿ. ಅದನ್ನು ಅವಸರದಿಂದ ತುಂಬಿಸಿದರೆ ಉತ್ತರ ನೀವೇ ಕಟ್ಟಿದ್ದಾಗುತ್ತದೆ.

ದಿನಕ್ಕೆ ಹದಿನೈದು ನಿಮಿಷ ಸಾಕು: ಐದು ಓದಲು, ಐದು ಪ್ರಾರ್ಥಿಸಲು, ಐದು ಬರೆಯಲು. ಪ್ರಾರ್ಥನೆಗೆ ಸತ್ಯವೇದದ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 13ನೆಯದರ ಅಳತೆ ಹಿಡಿಯಿರಿ. ಆರೇ ವಚನ. ಮೊದಲೆರಡರಲ್ಲಿ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ನಾಲ್ಕು ಸಲ, ನಂತರದ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ದೂರು ಮೊದಲು ಬರುತ್ತದೆ ಎಂಬುದನ್ನು ಗಮನಿಸಿ. ಅದನ್ನು ನುಂಗಿಕೊಂಡು ನೇರ ಸ್ತೋತ್ರಕ್ಕೆ ಹಾರಿದರೆ ಬಾಯಿ ಒಂದು ಹೇಳುತ್ತದೆ, ಮನಸ್ಸು ಇನ್ನೊಂದು. ಭರವಸೆಯ ಮಾತು ಬಾರದ ದಿನ 88ನೆಯದನ್ನು ಓದಿ; ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಗಳ ಸಾಲಿನಿಂದ ಅದನ್ನು ಯಾರೂ ತೆಗೆದುಹಾಕಲಿಲ್ಲ.

ಹಳೆಯ ಪುಟಗಳನ್ನು ತಿಂಗಳಿಗೊಮ್ಮೆ ಮಾತ್ರ ತಿರುವಿ. ದಿನದಿನಕ್ಕೆ ನೋಡಿದರೆ ನಿನ್ನೆಗೂ ಇಂದಿಗೂ ವ್ಯತ್ಯಾಸ ಕಾಣದೆ ಎದೆಗುಂದುತ್ತೀರಿ. ಹಾಗೆ ತಿರುವುವ ದಿನ 77ನೆಯ ಕೀರ್ತನೆಯನ್ನೂ ಓದಿ: ಅರ್ಧದವರೆಗೆ ಗೋಳು, 11ನೆಯ ವಚನದಿಂದ ಹಿಂದಿನದರ ನೆನಪು. ಸಮುದ್ರದ ನಡುವೆ ದಾರಿಯಿತ್ತು, ಆದರೆ ಹೆಜ್ಜೆಗುರುತು ಕಾಣಲಿಲ್ಲ ಎಂಬುದು 19ನೆಯ ವಚನದ ತಿರುಳು.

ಖಾಲಿ ಅರ್ಧದಲ್ಲಿ ಬರೆಯುವುದೇನು? ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಬಾಗಿಲು ತೆರೆಯಿತೇ ಇಲ್ಲವೇ ಎಂಬುದೊಂದನ್ನೇ ನೋಡುತ್ತಾರೆ. ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ 39ನೆಯ ಅಧ್ಯಾಯ ತೆಗೆಯಿರಿ. ಅಣ್ಣಂದಿರು ಮಾರಿದ ಯೋಸೇಫ ಈಜಿಪ್ಟಿನಲ್ಲಿ ಗುಲಾಮನಾಗಿ, ಸುಳ್ಳು ಆರೋಪದಿಂದ ಸೆರೆ ಸೇರುತ್ತಾನೆ. ಕರ್ತನು (ದೇವರು) ಯೋಸೇಫನ ಸಂಗಡ ಇದ್ದನೆಂಬ ಮಾತು ನಾಲ್ಕು ಸಲ ಬರುತ್ತದೆ, ಅದರಲ್ಲಿ ಎರಡು ಸಲ ಸೆರೆಮನೆಯಲ್ಲಿ. ಬೀಗ ಮಾತ್ರ ತೆರೆಯಲಿಲ್ಲ. ಬದಲಿಗೆ ಸೆರೆಯ ಅಧಿಕಾರಿಯ ದಯೆ ಸಿಕ್ಕಿತು, ಕೈಗೆ ಕೆಲಸ ಬಂತು. ನೀವೂ ಅಂಥದ್ದನ್ನೇ ಬರೆಯಿರಿ: ಹೊತ್ತಿಗೆ ಒದಗಿದ ಹಣ, ಕೇಳದೆಯೇ ಬಂದು ವಿಚಾರಿಸಿದವರು, ಒಂದು ರಾತ್ರಿಯ ಒಳ್ಳೆಯ ನಿದ್ದೆ. ನಡೆದದ್ದನ್ನಷ್ಟೇ ಬರೆಯಿರಿ, ವ್ಯಾಖ್ಯಾನ ಬೇಡ. ಯೋಸೇಫನ ಕತೆಗೆ ಅದು ಶುರುವಾಗುವ 17ರಿಂದ ಅವನು ಈಜಿಪ್ಟಿನ ಅಧಿಕಾರಿಯಾದ 30ನೆಯ ವಯಸ್ಸಿನವರೆಗೆ ಅರ್ಥ ಬರಲಿಲ್ಲ.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ತನ್ನ ವಿಷಯ ಈಜಿಪ್ಟಿನ ಅರಸ ಫರೋಹನಿಗೆ ತಿಳಿಸೆಂದು, ಸೆರೆಯಿಂದ ಬಿಡುಗಡೆಯಾಗಲಿದ್ದ ಅರಮನೆಯ ಪಾನದಾಯಕನನ್ನು ಯೋಸೇಫನೇ ಕೇಳಿಕೊಂಡ. ಅವನು ಮರೆತ, ಮತ್ತೆ ಎರಡು ವರ್ಷ ಹೋಯಿತು, ಆದರೂ ಕೇಳಿದ್ದು ತಪ್ಪಾಗಲಿಲ್ಲ. ಅರ್ಜಿ ಹಾಕಿ, ಸಹಾಯ ಕೇಳಿ, ಔಷಧಿ ತೆಗೆದುಕೊಳ್ಳಿ. ಮನೆಯಲ್ಲಿ ಹೊಡೆತವಿದ್ದರೆ, ಜೀವಕ್ಕೆ ಅಪಾಯವಿದ್ದರೆ ಕಾಯಬೇಡಿ, ಸುರಕ್ಷಿತ ಜಾಗ ಸೇರಿ. ಎರಡು ವಾರವಾದರೂ ನಿದ್ದೆ, ಊಟ, ಆಸಕ್ತಿ ಮರಳದಿದ್ದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಅಂದೇ.

ಕೆಡಿಸುವ ಅಭ್ಯಾಸಗಳೂ ಇವೆ. ದೇವರಿಗೆ ಗಡುವು ಹಾಕುವುದು ಒಂದು; ತಾರೀಖು ದಾಟಿದ ಕೂಡಲೇ ನಂಬಿಕೆಯೂ ಅದರ ಜೊತೆ ಹೋಗುತ್ತದೆ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಚನವನ್ನೇ ಉತ್ತರವೆಂದುಕೊಳ್ಳುವುದು ಇನ್ನೊಂದು. ಬೇರೆಯವರ ಸಾಕ್ಷಿಯೊಂದಿಗೆ, ಅಂದರೆ ದೇವರು ತಮಗೆ ಮಾಡಿದ್ದನ್ನು ಅವರು ಸಭೆಯಲ್ಲಿ ಹೇಳುವ ಮಾತಿನೊಂದಿಗೆ, ಹೋಲಿಸಿಕೊಳ್ಳುವುದಂತೂ ಬೇಡವೇ ಬೇಡ: ಹತ್ತು ವರ್ಷದ ಕಾಯುವಿಕೆ ಸಭೆಯಲ್ಲಿ ಐದು ನಿಮಿಷದ ಮಾತಾಗಿರುತ್ತದೆ.

ಜೊತೆಗೆ ಒಬ್ಬರಿರಲಿ, ಒಬ್ಬರೇ ಸಾಕು. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ ಮಾತಿಲ್ಲದೆ ಪಕ್ಕದಲ್ಲಿ ಕೂತಿದ್ದರು. ಬಾಯಿ ತೆರೆದು ಅವನ ಪಾಪ ಹುಡುಕಿದ ಮೇಲೆ ಕೆಟ್ಟಿತು. ಆ ಏಳು ದಿನದಂತೆ ಕೂರಬಲ್ಲವರನ್ನು ಆರಿಸಿಕೊಳ್ಳಿ.

ಬೇಡಿಕೆಯೇ ಬದಲಾದರೆ ಪುಟ ಹರಿಯಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಪುಸ್ತಕ ತುಂಬಿದಾಗ ಕೆಳಗಿನ ಅರ್ಧ ಇನ್ನೂ ಖಾಲಿ ಇರುವ ಪುಟಗಳನ್ನು ಹೊಸ ಪುಸ್ತಕಕ್ಕೆ ಎತ್ತಿಕೊಳ್ಳಿ, ಮೊದಲು ಬರೆದ ತಾರೀಖಿನೊಂದಿಗೇ.