ವಾಕರ್, ಫುಲ್ಲರ್, ಟಕ್ಕರ್: ಒಂದೇ ಕಸುಬಿನ ಮೂರು ಹೆಸರುಗಳ ಜಾಡು ಹಿಡಿಯುವ ಬಗೆ

ಕಸುಬಿನಿಂದ ಹುಟ್ಟಿದ ಇಂಗ್ಲಿಷ್ ಮನೆತನದ ಹೆಸರುಗಳೆಂದರೆ ಸ್ಮಿತ್, ಟೇಲರ್, ಮಿಲ್ಲರ್ ಥಟ್ಟನೆ ನೆನಪಾಗುತ್ತವೆ. ವಾಕರ್, ಫುಲ್ಲರ್, ಟಕ್ಕರ್ ಮೂರೂ ಉಣ್ಣೆ ಬಟ್ಟೆ ತುಳಿದು ಹದ ಮಾಡುವ ಒಂದೇ ಕಸುಬಿನವರ ಹೆಸರುಗಳು ಎಂಬುದು ಅಷ್ಟಾಗಿ ಗೊತ್ತಿಲ್ಲ. ಹೆಸರುಗಳ ಮೂಲ ಹುಡುಕುವ ಕೆಲಸ ಕಲಿಯಬೇಕೆಂದು ಬರುವವರ ಕೈಗೆ ನಾನು ಮೊದಲು ಕೊಡುವುದು ಈ ಮೂರನ್ನೇ. ದಾಖಲೆ ಓದುವುದು, ಲೆಕ್ಕ ಹಾಕುವುದು, ನಕ್ಷೆ ಮಾಡುವುದು, ಸುಳ್ಳು ಹೋಲಿಕೆ ಕಂಡುಹಿಡಿಯುವುದು ಎಲ್ಲವನ್ನೂ ಇವು ಕಲಿಸುತ್ತವೆ.

ಮೊದಲು ಕಸುಬು ತಿಳಿದಿರಬೇಕು. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಜಾಳುಜಾಳಾಗಿರುತ್ತದೆ, ನೂಲುವಾಗ ಸವರಿದ ಎಣ್ಣೆ ಜಿಡ್ಡೂ ಅದರಲ್ಲಿ ಉಳಿದಿರುತ್ತದೆ. ಅದನ್ನು ತೊಟ್ಟಿಯಲ್ಲಿ ಹಾಕಿ, ಹಳಸಿದ ಮೂತ್ರ ಅಥವಾ ಜಿಡ್ಡು ಹೀರುವ ಜೇಡಿಮಣ್ಣು ಬೆರೆಸಿದ ನೀರಿನಲ್ಲಿ ಗಂಟೆಗಟ್ಟಲೆ ಕಾಲಿನಿಂದ ತುಳಿಯುತ್ತಿದ್ದರು. ಮೂತ್ರದ ಅಮೋನಿಯಾ ಜಿಡ್ಡು ಬಿಡಿಸುತ್ತದೆ, ತುಳಿತಕ್ಕೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಆಮೇಲೆ ಅದನ್ನು ಮರದ ಚೌಕಟ್ಟಿನ ಕೊಕ್ಕೆಗಳಿಗೆ ಬಿಗಿದು ಎಳೆದು ಒಣಗಿಸಬೇಕು. ಆ ಜೇಡಿಮಣ್ಣು ನಮ್ಮಲ್ಲಿ ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದೇ. ಇಂಗ್ಲೆಂಡಿನಲ್ಲಿ ಅದನ್ನು ಸರ್ರಿಯ ನಟ್‌ಫೀಲ್ಡ್, ಬೆಡ್‌ಫರ್ಡ್‌ಶೈರ್ ಗಡಿಯ ವೋಬರ್ನ್ ಸ್ಯಾಂಡ್ಸ್ ಮುಂತಾದ ಕಡೆ ಅಗೆಯುತ್ತಿದ್ದರು. ಇಂಗ್ಲಿಷಿನಲ್ಲಿ ಅದರ ಹೆಸರೇ ಫುಲ್ಲರ್ಸ್ ಅರ್ತ್. 12ನೇ ಶತಮಾನದಲ್ಲಿ ಕಾಲಿನ ಜಾಗಕ್ಕೆ ನೀರಿನ ಚಕ್ರ ಎತ್ತಿ ಬಡಿಯುವ ಮರದ ಕೊಡತಿಗಳು ಬಂದವು. 1185ರಲ್ಲಿ ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಪಂಥದವರು ತಮ್ಮ ಆಸ್ತಿಯ ಪಟ್ಟಿ ಮಾಡಿಸಿದಾಗ ಯಾರ್ಕ್‌ಶೈರ್‌ನ ನ್ಯೂಷಮ್ ಮತ್ತು ಗ್ಲಾಸ್ಟರ್‌ಶೈರ್‌ನ ಬಾರ್ಟನ್‌ನಲ್ಲಿ ಇಂಥ ಗಿರಣಿಗಳು ದಾಖಲಾಗಿವೆ. ಮನೆತನದ ಹೆಸರುಗಳು ಗಟ್ಟಿಯಾದದ್ದು ಇದರ ನಂತರ. ಆದ್ದರಿಂದ ವಾಕರ್ ಎಂದ ಮಾತ್ರಕ್ಕೆ ಆ ಪೂರ್ವಜ ಕಾಲಿನಿಂದ ತುಳಿದನೋ, ಗಿರಣಿ ನಡೆಸಿದನೋ ಹೇಳಲಾಗದು. ಗಿರಣಿಗೂ ಉತ್ತರದಲ್ಲಿ ವಾಕ್ ಮಿಲ್ ಎಂದೇ ಕರೆಯುತ್ತಿದ್ದರು.

ಮೂರು ಹೆಸರು ಯಾಕೆ? ಒಂದೊಂದು ಸೀಮೆಯಲ್ಲಿ ಆ ಕೆಲಸಕ್ಕೆ ಒಂದೊಂದು ಮಾತು ಇತ್ತು. ಹಳೆಯ ಇಂಗ್ಲಿಷಿನ ‘ವೆಆಲ್ಕನ್’, ಅಂದರೆ ಹೊರಳಿಸು, ಅದುಮು ಎಂಬುದರಿಂದ ವಾಕರ್. ಇದು ಉತ್ತರ ಮತ್ತು ನಡುನಾಡಿನದು. ಲ್ಯಾಟಿನ್ನಿನ ‘ಫುಲ್ಲೋ’ ಮೂಲದ ಫುಲ್ಲರ್ ಆಗ್ನೇಯದ್ದು: ಕೆಂಟ್, ಸಸೆಕ್ಸ್, ನಾರ್ಫಕ್, ಸಫಕ್ ಕಡೆಯದು. ಹಳೆಯ ಇಂಗ್ಲಿಷಿನ ‘ತೂಕಿಯನ್’, ಅಂದರೆ ಹಿಂಸಿಸು ಎಂಬ ಮಾತು ಬಟ್ಟೆ ಬಡಿಯುವುದಕ್ಕೆ ತಿರುಗಿ ಟಕ್ಕರ್ ಆಯಿತು. ಇದು ನೈಋತ್ಯದ ಡೆವನ್, ಸಾಮರ್ಸೆಟ್, ಕಾರ್ನ್‌ವಾಲ್ ಭಾಗದ್ದು. ಊರು, ಕಟ್ಟಡಗಳ ಹೆಸರುಗಳೂ ಇದನ್ನೇ ಹೇಳುತ್ತವೆ. ಕಾರ್ನ್‌ವಾಲ್‌ನ ಕ್ಯಾಂಬೋರ್ನ್ ಬಳಿ ಟಕ್ಕಿಂಗ್‌ಮಿಲ್ ಎಂಬ ಊರಿದೆ, ಲ್ಯಾಂಕಶೈರ್‌ನ ಬರ್ನ್‌ಲಿ ಬಳಿ ವಾಕ್ ಮಿಲ್ ಇದೆ, ಎಕ್ಸೆಟರ್ ನಗರದಲ್ಲಿ 1471ರ ಟಕ್ಕರ್ಸ್ ಹಾಲ್ ಇಂದಿಗೂ ನಿಂತಿದೆ. ಮೂರು ಹೆಸರುಗಳ ನಕ್ಷೆ ಮಾಡಿದಾಗ ಕಾಣುವುದು ಆಡುಮಾತಿನ ಗಡಿಗಳು. ಬಟ್ಟೆ ಉದ್ಯಮ ಎಲ್ಲಿ ದೊಡ್ಡದಾಗಿತ್ತು ಎಂಬುದು ಬೇಕಾದರೆ ಮೂರನ್ನೂ ಒಟ್ಟು ಸೇರಿಸಿ ಎಣಿಸಬೇಕು. ‘ಕೆಂಟ್‌ನಲ್ಲಿ ವಾಕರ್‌ಗಳು ಕಡಿಮೆ, ಹಾಗಾಗಿ ಅಲ್ಲಿ ಈ ಕಸುಬು ಇರಲಿಲ್ಲ’ ಎಂಬ ತೀರ್ಮಾನವನ್ನು ಬಹಳ ಕಡೆ ಓದಿದ್ದೇನೆ. ಅಲ್ಲಿನ ಕಸುಬುದಾರರೆಲ್ಲ ಫುಲ್ಲರ್ ಎಂಬ ಹೆಸರಿನಲ್ಲಿದ್ದಾರೆ.

ನಾನು ಕೆಲಸ ಶುರು ಮಾಡುವುದು 1881ರ ಜನಗಣತಿಯಿಂದ. ಆ ವರ್ಷದ ಏಪ್ರಿಲ್ 3ರ ರಾತ್ರಿ ಯಾರು ಎಲ್ಲಿದ್ದರೋ ಅಲ್ಲೇ ಬರೆದುಕೊಂಡ ಗಣತಿ ಅದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2.6 ಕೋಟಿ ಜನರ ಹೆಸರು, ವಯಸ್ಸು, ಕೆಲಸ, ಹುಟ್ಟಿದ ಊರು ಇರುವ ಈ ದಾಖಲೆಯನ್ನು ಸ್ವಯಂಸೇವಕರು ಪೂರ್ತಿ ನಕಲು ಮಾಡಿದ್ದಾರೆ, ಉಚಿತವಾಗಿ ಹುಡುಕಬಹುದು. ಕೌಂಟಿವಾರು, ಅಂದರೆ ಅಲ್ಲಿನ ಜಿಲ್ಲೆವಾರು, ಹೆಸರುಗಳನ್ನು ಎಣಿಸಿ, ಪ್ರತಿ ಲಕ್ಷ ಜನರಿಗೆ ಎಷ್ಟು ಎಂದು ತೆಗೆಯಬೇಕು. ಬರೀ ಒಟ್ಟು ಸಂಖ್ಯೆ ನೋಡಿದರೆ ಯಾವ ಹೆಸರು ಹಾಕಿದರೂ ಲಂಡನ್ ಮತ್ತು ಲ್ಯಾಂಕಶೈರ್ ಮೇಲೆ ಬರುತ್ತವೆ, ಏಕೆಂದರೆ ಜನ ಇದ್ದದ್ದೇ ಅಲ್ಲಿ. ಆಮೇಲೆ ಕೌಂಟಿಯ ದರವನ್ನು ದೇಶದ ದರದಿಂದ ಭಾಗಿಸಿ. ಲೆಕ್ಕ ತೋರಿಸಲು ಒಂದು ಉದಾಹರಣೆ: 2 ಲಕ್ಷ ಜನರ ಕೌಂಟಿಯಲ್ಲಿ 600 ಮಂದಿ ಆ ಹೆಸರಿನವರಿದ್ದರೆ ಲಕ್ಷಕ್ಕೆ 300. ದೇಶದ ದರ ಲಕ್ಷಕ್ಕೆ 60 ಆಗಿದ್ದರೆ ಸೂಚ್ಯಂಕ 5. ಈ ಸೂಚ್ಯಂಕ 3 ದಾಟಿದ ಕೌಂಟಿಗಳು ಒಂದರ ಪಕ್ಕ ಒಂದು ಕೂತಿದ್ದರೆ ಅದನ್ನು ನಾನು ಮೂಲ ಸೀಮೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ಒಂಟಿಯಾಗಿ ಎದ್ದು ನಿಂತ ಕೌಂಟಿಯನ್ನು ನಂಬಬೇಡಿ. ರಟ್‌ಲ್ಯಾಂಡ್‌ನಂಥ ಪುಟ್ಟ ಕೌಂಟಿಯಲ್ಲಿ ಆಗ ಇದ್ದದ್ದು ಸುಮಾರು 21,000 ಜನ. ಮಕ್ಕಳುಮರಿ ತುಂಬಿದ ನಾಲ್ಕೈದು ಮನೆಗಳಿದ್ದರೆ ಸೂಚ್ಯಂಕ ಜಿಗಿದುಬಿಡುತ್ತದೆ. ಅಂಥಲ್ಲಿ ತಲೆ ಬಿಟ್ಟು ಮನೆಗಳನ್ನು ಎಣಿಸುವುದು ಲೇಸು.

ಇನ್ನೂ ಒಂದು ಹೆಜ್ಜೆ ಇದೆ, ಇದನ್ನು ಬಿಟ್ಟವರ ನಕ್ಷೆಯನ್ನು ನಾನು ಒಪ್ಪುವುದಿಲ್ಲ. 1881ರ ಹೊತ್ತಿಗೆ ಕಾರ್ಖಾನೆ, ಗಣಿ, ರೈಲುಗಳಿಂದಾಗಿ ಜನ ಚದುರಿ ಎರಡು ತಲೆಮಾರು ಕಳೆದಿತ್ತು. ಹಾಗಾಗಿ ಎಣಿಕೆಯನ್ನು ಎರಡನೇ ಸಲ ಮಾಡುತ್ತೇನೆ. ಈ ಸಲ 60 ವರ್ಷ ದಾಟಿದವರನ್ನು ಮಾತ್ರ ತೆಗೆದುಕೊಂಡು, ವಾಸದ ಊರನ್ನು ಬಿಟ್ಟು ಹುಟ್ಟಿದ ಕೌಂಟಿಯ ಪ್ರಕಾರ ಹಂಚುತ್ತೇನೆ. ಇವರೆಲ್ಲ ಸುಮಾರು 1821ಕ್ಕಿಂತ ಮುಂಚೆ, ರೈಲು ಬರುವ ಮೊದಲು ಹುಟ್ಟಿದವರು, ಆದ್ದರಿಂದ ನಕ್ಷೆ ಅರುವತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಗಂಡಸರನ್ನು ಮಾತ್ರ ಎಣಿಸಬೇಕು, ಮದುವೆಯಾದ ಹೆಂಗಸಿನದು ಗಂಡನ ಹೆಸರು. ವಯಸ್ಸು 60, 65, 70ಕ್ಕೆ ಗುಂಡಾಗಿಸಿ ಹೇಳಿರುವುದು ಬಹಳ, ಆದ್ದರಿಂದ ಅಂಚಿನ ಒಂದೆರಡು ವರ್ಷಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿದ್ದವರಿಗೆ ಬರೀ ‘ಸ್ಕಾಟ್ಲೆಂಡ್’ ಎಂದು ಬರೆದು ಬಿಟ್ಟಿರುವುದೇ ಹೆಚ್ಚು. ಅವರನ್ನು ಬೇರೆ ಕಟ್ಟಿನಲ್ಲಿಡಿ.

ಹುಡುಕಾಟದಲ್ಲಿ ಹೆಚ್ಚು ಕಾಲ ತಿನ್ನುವುದು ಕಾಗುಣಿತ. ಬಹಳಷ್ಟು ದತ್ತಾಂಶಗಳಲ್ಲಿ ಸೌಂಡೆಕ್ಸ್ ಎಂಬ ಸಂಕೇತ ಪದ್ಧತಿ ಇದೆ: ಮೊದಲ ಅಕ್ಷರ ಉಳಿಸಿ, ಮುಂದಿನ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಫುಲ್ಲರ್‌ಗೆ ಸಿಗುವುದು ಎಫ್ 460. ಹಕ್ಕಿ ಹಿಡಿಯುವವನಾದ ಫೌಲರ್‌ಗೂ ಎಫ್ 460, ಫ್ಲವರ್‌ಗೂ ಅದೇ. ಅತ್ತ ದಕ್ಷಿಣದ ಕೌಂಟಿಗಳಲ್ಲಿ ‘ಫ’ಕಾರ ‘ವ’ಕಾರವಾಗಿ ಹುಟ್ಟಿದ ವೊಲ್ಲರ್ ಎಂಬ ನಿಜವಾದ ದಾಯಾದಿಗೆ ವಿ 460, ಅದು ತಪ್ಪಿಯೇ ಹೋಗುತ್ತದೆ. ಟಕ್ಕರ್‌ನದು ಟಿ 260. ಗುತ್ತಿಗೆ ಕೂಲಿಯ ಟಾಸ್ಕರ್, ಹುಲ್ಲು ಹೊದಿಸುವ ಥ್ಯಾಕರ್, ಉಣ್ಣೆ ಹಿಂಜುವ ಟೋಜರ್ ಎಲ್ಲರಿಗೂ ಅದೇ ಸಂಕೇತ. ಇವರಲ್ಲಿ ಟೋಜರ್ ಮೋಸ ಮಾಡುವ ಹೆಸರು, ಅದೂ ಡೆವನ್‌ನದೇ, ಅದೂ ಉಣ್ಣೆಯ ಕಸುಬಿನದೇ. ನಕ್ಷೆ ನೋಡಿ ಪತ್ತೆ ಹಚ್ಚಲಾಗುವುದಿಲ್ಲ. ಸೌಂಡೆಕ್ಸ್ ತೆಗೆದ ಪಟ್ಟಿಯನ್ನು ಕಣ್ಣಿನಿಂದ ಒಂದೊಂದೇ ಸೋಸಬೇಕು. ಕೈಬರಹದ ತೊಂದರೆಯೂ ಉಂಟು. ವಾಕರ್ ಅನ್ನು ವಾಲ್ಟರ್, ವಾಲ್ಲರ್ ಎಂದು ಓದಿ ನಕಲು ಮಾಡಿರುತ್ತಾರೆ. 16, 17ನೇ ಶತಮಾನದ ಗುಮಾಸ್ತರು ದೊಡ್ಡ ಎಫ್ ಬರೆಯುವಲ್ಲಿ ಎರಡು ಚಿಕ್ಕ ಎಫ್ ಬರೆಯುತ್ತಿದ್ದರು. ನಕಲಿನಲ್ಲೂ ಹಾಗೇ ಉಳಿದಿದ್ದರೆ ಒಂದೇ ಎಫ್ ಹಾಕಿ ಹುಡುಕಿದವರಿಗೆ ಆ ಫುಲ್ಲರ್ ಸಿಗುವುದಿಲ್ಲ. ಎರಡೂ ಹಾಕಿ ನೋಡಿ.

1837ರ ಜುಲೈ 1ರಿಂದ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಇದೆ. ಅದಕ್ಕೂ ಹಿಂದೆ 1538ರಿಂದ ಚರ್ಚುಗಳ ರಿಜಿಸ್ಟರು. ಇವುಗಳ ನಡುವೆ 1662ರಿಂದ 1689ರವರೆಗಿನ ಒಲೆ ತೆರಿಗೆ ಪಟ್ಟಿ ನಕ್ಷೆಗೆ ಒಳ್ಳೆಯ ಮೆಟ್ಟಿಲು. 1752ರವರೆಗೆ ಇಂಗ್ಲೆಂಡಿನ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು ಎಂಬುದು ನೆನಪಿರಲಿ. ಇಲ್ಲದಿದ್ದರೆ ಮಗು ತಂದೆತಾಯಿಯ ಮದುವೆಗಿಂತ ಮುಂಚೆ ಹುಟ್ಟಿದಂತೆ ಕಾಣುತ್ತದೆ.

ಮೂಲದ ಪ್ರಶ್ನೆಗೆ ಉತ್ತರ ಇರುವುದು ಮಾತ್ರ 1377, 1379, 1381ರ ತಲೆಗಂದಾಯದ ಸುರುಳಿಗಳಲ್ಲಿ. ಹಲವು ಕಡೆ ಹೆಸರಿನ ಪಕ್ಕದಲ್ಲೇ ಕಸುಬನ್ನೂ ಬರೆದಿರುವುದು ಇವುಗಳ ಬೆಲೆ. ಅಡ್ಡಹೆಸರೂ ಕಸುಬೂ ಒಂದೇ ಆಗಿದ್ದರೆ ಹೆಸರು ಇನ್ನೂ ಆ ಮನುಷ್ಯನದು. ‘ವಾಕರ್’ ಎಂದಿದ್ದು ಪಕ್ಕದಲ್ಲಿ ಬೇರೆ ಕೆಲಸ ಇದ್ದರೆ ಹೆಸರು ತಂದೆಯಿಂದ ಇಳಿದು ಮನೆತನದ್ದಾಗಿದೆ ಎನ್ನಬಹುದು. ಯಾರ್ಕ್‌ಶೈರ್‌ನ ವೆಸ್ಟ್ ರೈಡಿಂಗ್‌ನ 1379ರ ಪಟ್ಟಿ ಇದಕ್ಕೆ ತುಂಬ ಒಳ್ಳೆಯದು. ಅಲ್ಲಿ ಸಾಮಾನ್ಯರಿಗೆ 4 ಪೆನ್ಸ್, ಕುಶಲಕರ್ಮಿಗಳಿಗೆ ಸಾಮಾನ್ಯವಾಗಿ 6 ಪೆನ್ಸ್. ಕಸುಬು ಬರೆಯದೇ ಇದ್ದರೂ 6 ಪೆನ್ಸ್ ಕೊಟ್ಟ ವಾಕರ್ ಕಾಣಿಸಿದರೆ ಅವನು ಕಸುಬುದಾರನೇ ಇರಬಹುದೆಂಬ ಸುಳಿವು ಸಿಗುತ್ತದೆ. ದಕ್ಷಿಣದಲ್ಲಿ ಮನೆತನದ ಹೆಸರುಗಳು ಹೆಚ್ಚುಕಡಿಮೆ 1350ರ ಹೊತ್ತಿಗೆ ನಿಂತವು, ಉತ್ತರದಲ್ಲಿ ಇನ್ನೊಂದು ನೂರು ವರ್ಷ ಹಿಡಿಯಿತು. ಹಾಗಾಗಿ ಉತ್ತರದ ವಾಕರ್‌ಗಳನ್ನು ಈ ಸುರುಳಿಗಳಿಗೆ ನೇರವಾಗಿ ಗಂಟು ಹಾಕಬೇಡಿ.

ಈ ಸುರುಳಿಗಳಲ್ಲಿ ಮೂರು ಅಪಾಯಗಳಿವೆ. ಒಂದು, ಲ್ಯಾಟಿನ್. ಗುಮಾಸ್ತ ‘ಫುಲ್ಲೋ’ ಎಂದು ಬರೆದಿದ್ದರೆ ಊರವರು ಅವನನ್ನು ವಾಕರ್ ಎನ್ನುತ್ತಿದ್ದರೋ ಟಕ್ಕರ್ ಎನ್ನುತ್ತಿದ್ದರೋ ಗೊತ್ತಾಗದು. ಇಂಥ ನಮೂದುಗಳನ್ನು ಕಸುಬಿನ ಲೆಕ್ಕಕ್ಕೆ ಹಾಕಿಕೊಳ್ಳಿ, ಹೆಸರಿನ ಲೆಕ್ಕಕ್ಕೆ ಬೇಡ. ‘ಲೆ ವಾಕೆರೆ’, ‘ಲೆ ಟೂಕೆರೆ’ ಎಂದಿದ್ದರೆ ಮಾತ್ರ ಹೆಸರಿನ ಸಾಕ್ಷಿ. ಎರಡು, ಡರಮ್ ಮತ್ತು ಚೆಷೈರ್ ಈ ತೆರಿಗೆಯಿಂದ ಹೊರಗಿದ್ದವು. ಡರಮ್ ವಾಕರ್‌ಗಳ ನಾಡು; ನಕ್ಷೆಯಲ್ಲಿ ಅಲ್ಲಿ ಖಾಲಿ ಕಂಡರೆ ಅದು ದಾಖಲೆಯ ಖಾಲಿ. ಮೂರು, 1381ರಲ್ಲಿ ತಲೆಗೆ 12 ಪೆನ್ಸ್ ಹೇರಿದಾಗ ಜನ ತಪ್ಪಿಸಿಕೊಂಡರು, ತೆರಿಗೆ ಕಟ್ಟಿದವರ ಸಂಖ್ಯೆ 1377ಕ್ಕಿಂತ ಸುಮಾರು ಮೂರನೇ ಒಂದು ಭಾಗ ಕುಸಿಯಿತು. ವಾಟ್ ಟೈಲರ್ ಮುಂದಾಳಾಗಿದ್ದ ರೈತದಂಗೆ ಎದ್ದದ್ದೂ ಇದೇ ತೆರಿಗೆಯ ಮೇಲೆ. 1381ರ ಪಟ್ಟಿಯಿಂದ ಹೆಸರಿನ ಪ್ರಮಾಣ ಲೆಕ್ಕ ಹಾಕಲು ಹೋಗಬೇಡಿ; ಇಂಥ ಹೆಸರು ಇಂಥ ಊರಿನಲ್ಲಿತ್ತು ಎನ್ನುವುದಕ್ಕಷ್ಟೇ ಬಳಸಿ.

ಬೇರೆ ಬೇರು ಇರುವ ಕುಟುಂಬಗಳನ್ನೂ ಬೇರ್ಪಡಿಸಬೇಕು. ನ್ಯೂಕಾಸಲ್‌ನ ಪಕ್ಕ ಟೈನ್ ನದಿಯ ದಂಡೆಯಲ್ಲಿ ವಾಕರ್ ಎಂಬ ಊರೇ ಇದೆ. ಹಳೆಯ ದಾಖಲೆಯಲ್ಲಿ ‘ಡೆ ವಾಕರ್’ ಎಂದಿದ್ದರೆ ಅದು ಊರ ಹೆಸರು. ಸ್ಕಾಟ್ಲೆಂಡಿನ ಗೇಲಿಕ್ ಸೀಮೆಯ ‘ಮ್ಯಾಕ್ ಆನ್ ಫೂಕದರ್’, ಅಂದರೆ ಬಟ್ಟೆ ತುಳಿಯುವವನ ಮಗ, ಇಂಗ್ಲಿಷಿಗೆ ಬಂದಾಗ ವಾಕರ್ ಆಯಿತು. ಐರ್ಲೆಂಡಿನ ಟಕ್ಕರ್‌ಗಳಲ್ಲಿ ‘ಓ ತುವಾಖರ್’ ಎಂಬ ಗೇಲಿಕ್ ಹೆಸರು ರೂಪ ಬದಲಿಸಿಕೊಂಡವರಿದ್ದಾರೆ. ಅವರಿಗೂ ಬಟ್ಟೆಗೂ ಸಂಬಂಧವಿಲ್ಲ.

ಪ್ರಮಾಣದ ಮಾತಿಗೆ ಬಂದರೆ ವಾಕರ್ ಮಿಕ್ಕೆರಡನ್ನು ಬಹಳ ಹಿಂದೆ ಹಾಕಿದೆ. 1853ರ ನೋಂದಣಿ ಆಧರಿಸಿ ಇಂಗ್ಲೆಂಡ್–ವೇಲ್ಸ್‌ನ ರಿಜಿಸ್ಟ್ರಾರ್ ಜನರಲ್ ಹೊರಡಿಸಿದ 50 ಸಾಮಾನ್ಯ ಹೆಸರುಗಳ ಪಟ್ಟಿಯಲ್ಲಿ ಸ್ಮಿತ್ ಸುಮಾರು 2,53,600 ಮಂದಿಯೊಂದಿಗೆ ಮೊದಲನೆಯದು. ವಾಕರ್ ಮೊದಲ ಇಪ್ಪತ್ತರೊಳಗಿದೆ, ಫುಲ್ಲರ್ ಮತ್ತು ಟಕ್ಕರ್ ಪಟ್ಟಿಯಲ್ಲೇ ಇಲ್ಲ. ಉತ್ತರದಲ್ಲಿ ಬಟ್ಟೆ ತುಳಿಯುವವರು ಅಷ್ಟು ಪಟ್ಟು ಹೆಚ್ಚಿದ್ದರು ಎಂದು ಇದರಿಂದ ಹೇಳಲಾಗದು. ವಾಕರ್ ಎಂಬ ಮಾತಿನ ಸೀಮೆಯೇ ದೊಡ್ಡದು, ಉಳಿದ ಎರಡು ಮಾತುಗಳು ದಕ್ಷಿಣವನ್ನು ಹಂಚಿಕೊಂಡವು. ಜೊತೆಗೆ 18, 19ನೇ ಶತಮಾನದಲ್ಲಿ ಜನಸಂಖ್ಯೆ ಉಕ್ಕಿದ್ದು ಲ್ಯಾಂಕಶೈರ್, ವೆಸ್ಟ್ ರೈಡಿಂಗ್‌ಗಳಲ್ಲಿ, ಅಂದರೆ ವಾಕರ್‌ಗಳ ತವರಿನಲ್ಲಿ. ಇಂಗ್ಲೆಂಡಿನ ಹೆಸರು ಜಾತಿಯನ್ನು ಹೇಳುವುದೂ ಇಲ್ಲ. ಉತ್ತರ ಕರ್ನಾಟಕದ ಬಡಿಗೇರ, ಕುಂಬಾರ ಎಂಬ ಹೆಸರುಗಳನ್ನು ಓದುವ ಕಣ್ಣಿನಿಂದ ಅವನ್ನು ಓದಬಾರದು. ಇಂಗ್ಲೆಂಡಿನಲ್ಲಿ ಹೆಸರು ನಿಂತ ಮೇಲೆ ಮಕ್ಕಳು ಯಾವ ಕಸುಬಿಗಾದರೂ ಹೋದರು.

ಅಮೆರಿಕದ ಲೆಕ್ಕ ಬೇರೆ. 1620ರ ಮೇಫ್ಲವರ್ ಹಡಗಿನಲ್ಲಿದ್ದ ಎಡ್ವರ್ಡ್ ಮತ್ತು ಸ್ಯಾಮ್ಯುಯೆಲ್ ಫುಲ್ಲರ್ ಸೋದರರು ನಾರ್ಫಕ್‌ನ ರೆಡನ್‌ಹಾಲ್‌ನವರು, ಅಂದರೆ ಫುಲ್ಲರ್ ಸೀಮೆಯವರೇ. ಆದರೆ ಅಮೆರಿಕದ ವಾಕರ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕಪ್ಪು ಜನ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ಬಂದ ಈ ಹೆಸರು ಯಾರ್ಕ್‌ಶೈರ್‌ನ ಯಾವ ಗಿರಣಿಯನ್ನೂ ತೋರಿಸುವುದಿಲ್ಲ. 1850, 1860ರ ಗುಲಾಮರ ಪಟ್ಟಿಗಳಲ್ಲಿ ಹೆಚ್ಚಾಗಿ ವಯಸ್ಸು, ಲಿಂಗ ಮಾತ್ರ ಇರುತ್ತವೆ, ಹೆಸರು ಇರುವುದಿಲ್ಲ. ಇಂಥ ಕುಟುಂಬಗಳ ಹುಡುಕಾಟವನ್ನು 1870ರ ಗಣತಿಯಿಂದ ಶುರು ಮಾಡಬೇಕು, ಅವರೆಲ್ಲರ ಹೆಸರು ಮೊದಲ ಸಲ ಬಂದದ್ದು ಅದರಲ್ಲಿ.

ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ಕ್ರೋಮೋಸೋಮಿನ ಪರೀಕ್ಷೆ ಮಾಡಿಸಲೇ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. 2009ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 40 ಬ್ರಿಟಿಷ್ ಹೆಸರುಗಳ 1,678 ಗಂಡಸರನ್ನು ಪರೀಕ್ಷಿಸಿದರು. ಅಪರೂಪದ ಹೆಸರಿನವರಲ್ಲಿ ಒಂದೇ ಮೂಲಪುರುಷನ ಗುರುತು ಚೆನ್ನಾಗಿ ಕಂಡಿತು, ಸ್ಮಿತ್‌ನಂಥ ಹೆಸರಿನಲ್ಲಿ ಕಾಣಲಿಲ್ಲ. ವೊಲ್ಲರ್ ಆಗಿದ್ದರೆ ಮಾಡಿಸಿ, ಫಲ ಸಿಗಬಹುದು. ವಾಕರ್ ಆಗಿದ್ದರೆ ಮೊದಲು ಕಾಗದದ ದಾಖಲೆಯಲ್ಲಿ ಒಂದು ಊರಿಗೆ ತಲುಪಿ, ಆಮೇಲೆ ಆ ಊರಿನವರ ಜೊತೆ ಹೋಲಿಸಿ.

ಬೆಂಗಳೂರು ಕಂಟೋನ್ಮೆಂಟಿನ ಹಳೆಯ ಆಂಗ್ಲೋ-ಇಂಡಿಯನ್ ಮನೆತನಗಳ ಜಾಡು ಹಿಡಿಯುವವರಿಗೆ ಬೇಕಾದ ಬ್ಯಾಪ್ಟಿಸಮ್, ಮದುವೆ, ಶವಸಂಸ್ಕಾರದ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮೈಸೂರಿನ ಕಟ್ಟು ಎಂದು ಹುಡುಕಿದರೆ ಸಿಗುವುದಿಲ್ಲ. ಮದ್ರಾಸ್ ಪ್ರೆಸಿಡೆನ್ಸಿಯ ‘ಎನ್ 2’ ಸರಣಿ ನೋಡಬೇಕು. ಸೈನಿಕನಾದರೆ ರೆಜಿಮೆಂಟಿನ ಹೆಸರು ಅಲ್ಲೇ ಸಿಗುತ್ತದೆ, ಅದರ ಮೂಲಕ ಹುಟ್ಟೂರು. ಕೋಲಾರದ ಚಿನ್ನದ ಗಣಿಗಳ ಕುಟುಂಬವಾಗಿದ್ದರೆ ದಾರಿ ಬೇರೆ: 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ ಆ ಗಣಿಗಳಿಗೆ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದಿದ್ದರು. ಅಲ್ಲಿನ ಸಮಾಧಿಯ ಕಲ್ಲಿನ ಮೇಲೆ ಟಕ್ಕರ್ ಎಂದಿದ್ದರೆ ಮೊದಲು ತೆರೆಯಬೇಕಾದದ್ದು ಕ್ಯಾಂಬೋರ್ನ್, ರೆಡ್‌ರುತ್ ಸುತ್ತಿನ ಚರ್ಚುಗಳ ರಿಜಿಸ್ಟರು, ಆಮೇಲೆ ಡೆವನ್‌ನದು.